ಬೇಕಂತಲೇ ಸೆರೆ ಹೋಗೋ ವಿಮಾನ

ಅಕ್ಕಾ, ನುಗ್ಗೆಸೊಪ್ಪು ಆಮೇಲೆ ಬಿಡಿಸಿದ್ರಾಯ್ತು, ಸ್ವಲ್ಪ ಈ ಕಡೆ ಬನ್ನಿ. ನಿಮ್ಮ ಮನೆ ಟೀವಿಯಿಂದ ಬರ್ತಿದೆಯಲ್ಲ ಆ ಸದ್ದು, ಅದು ಗ್ಯಾಲಗಾ ಅಲ್ವಾ? ಆಟ ಶುರುವಾಗೋಕೆ ಮುಂಚಿನ ಆ ಚಿಕ್ಕ ರಾಗ ಬೇಲಿ ದಾಟಿ ನಮ್ಮ ಅಡುಗೆಮನೆ ತನಕ ಬಂತು. ಕೈಲಿದ್ದ ಲೋಟ ಅಲ್ಲೇ ಇಟ್ಟು ಓಡಿ ಬಂದೆ. ಮೊಮ್ಮಗ ಬೆಂಗಳೂರಿಂದ ರಜಕ್ಕೆ ಬಂದಿದಾನೆ, ಅದೇನೋ ಬೆರಳುದ್ದದ ಗೇಮ್ ಸ್ಟಿಕ್ ತಂದು ಟೀವಿಗೆ ಸಿಕ್ಕಿಸಿದಾನೆ ಅಂತ ನಿನ್ನೆ ನೀವೇ ಹೇಳಿದ್ರಿ. ಆ ಕಡ್ಡಿಯೊಳಗೆ ಸಾವಿರಾರು ಆಟ ತುಂಬಿರ್ತಾರೆ. ಅಷ್ಟರಲ್ಲಿ ಆ ಹುಡುಗ ಇದನ್ನ ಹುಡುಕಿ ತೆಗೆದಿದಾನೆ ಅಂದ್ರೆ ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ?

"ಅದೇನಪ್ಪ ಅದೆ ಅದ್ರಲ್ಲಿ? ಹುಳ ಬತ್ತವೆ, ಇವ್ನು ಸುಡ್ತಾನೆ, ಮತ್ತೆ ಬತ್ತವೆ" ಅಂತೀರಿ. ಕೇಳಿ, ಹೇಳ್ತೀನಿ. ಆಮೇಲೆ ನೀವೂ ಮೊಮ್ಮಗನ ಪಕ್ಕ ಕೂತು ನೋಡೇ ನೋಡ್ತೀರಿ.

ಪರದೆಯ ಕೆಳಗಡೆ ನಿಮ್ಮದೊಂದು ವಿಮಾನ ಇರುತ್ತೆ. ಅದು ಎಡಕ್ಕೆ ಹೋಗುತ್ತೆ, ಬಲಕ್ಕೆ ಹೋಗುತ್ತೆ, ಅಷ್ಟೇ. ಮುಂದೆ ನುಗ್ಗೋ ಹಾಗಿಲ್ಲ, ಹಿಂದೆ ಸರಿಯೋ ಹಾಗಿಲ್ಲ. ಗುಂಡು ಒಂದು ಸಲಕ್ಕೆ ಎರಡೇ. ಆ ಎರಡು ಗುಂಡು ಯಾವುದಕ್ಕಾದ್ರೂ ತಗುಲಬೇಕು, ಇಲ್ಲ ಪರದೆ ದಾಟಿ ಹೋಗಬೇಕು. ಅಲ್ಲೀತನಕ ನೀವೆಷ್ಟೇ ಬಟನ್ ಒತ್ತಿದ್ರೂ ಮೂರನೇದು ಹೊರಡಲ್ಲ. ಎದುರಿಗೆ ಬರೋರು 40 ಜನ. ಇಪ್ಪತ್ತು ಜೇನುಹುಳ, ಹದಿನಾರು ಚಿಟ್ಟೆ, ಎಲ್ಲಕ್ಕಿಂತ ಮೇಲೆ ನಾಲ್ಕು ಹಸಿರು ಬಾಸ್‌ಗಳು. ಬಾಸ್‌ಗೆ ಒಂದು ಏಟು ಸಾಲದು, ಎರಡು ಬೇಕು. ಮೊದಲನೇ ಏಟಿಗೆ ಬಣ್ಣ ಬದಲಾಯಿಸ್ತಾನೆ. ಇವೆಲ್ಲ ಬಂದು ಸುಮ್ಮನೆ ನಿಂತ್ಕೊಳ್ಳಲ್ಲ. ಸಂಜೆ ಹೊತ್ತು ರಂಗನತಿಟ್ಟಿನಲ್ಲಿ ಹಕ್ಕಿಗಳು ಸಾಲು ಹಿಡಿದು ಬಂದು, ಹೊಳೆ ಮೇಲೆ ಒಂದು ಸುತ್ತು ಹಾಕಿ, ಒಂದೊಂದೂ ತನ್ನ ಕೊಂಬೆ ತಾನೇ ಹುಡುಕಿ ಕೂರೋದನ್ನ ನೋಡಿದೀರಲ್ಲ? ಇವೂ ಹಾಗೇ ಸಾಲಾಗಿ ಬಂದು, ಸುಳಿ ಸುತ್ತಿ, ತಮ್ಮ ತಮ್ಮ ಜಾಗದಲ್ಲಿ ಕೂರ್ತವೆ. ಎಲ್ಲರೂ ಕೂತ ಮೇಲೆ ಒಬ್ಬೊಬ್ಬರಾಗಿ ನಿಮ್ಮ ಮೇಲೆ ಎರಗೋಕೆ ಶುರು.

ಇಷ್ಟಕ್ಕೇ ಆಗಿದ್ರೆ ನಾನು ನಿಮ್ಮನ್ನ ಬಿಸಿಲಲ್ಲಿ ನಿಲ್ಲಿಸ್ತಿರಲಿಲ್ಲ. ಸ್ವಾರಸ್ಯ ಇರೋದು ಆ ಬಾಸ್ ಹತ್ರ. ಅವನು ಕೆಲವು ಸಲ ಅರ್ಧ ದಾರಿವರೆಗೆ ಇಳಿದು ಬಂದು ನಿಂತು, ಕೆಳಕ್ಕೆ ಬೀಸಣಿಗೆ ಬಿಡಿಸಿದಂಥ ನೀಲಿ ಬೆಳಕು ಚೆಲ್ತಾನೆ. ಆ ಬೆಳಕಿನೊಳಗೆ ನಿಮ್ಮ ವಿಮಾನ ಸಿಕ್ತೋ, ಅದು ತಿರುಗ್ತಾ ತಿರುಗ್ತಾ ಮೇಲಕ್ಕೆ ಹೋಗಿ, ಕೆಂಪಾಗಿ, ಅವನ ಸಾಲಲ್ಲಿ ಸೆರೆಯಾಳಾಗಿ ನಿಲ್ಲುತ್ತೆ. ನಿಮಗೆ ಒಂದು ಲೈಫ್ ಹೋಯ್ತು. ಇನ್ನೊಂದು ವಿಮಾನ ಬರುತ್ತೆ. ಈಗ ಆ ಬಾಸ್ ನಿಮ್ಮ ಸೆರೆಯಾಳನ್ನ ಕಟ್ಕೊಂಡು ಮೇಲಿಂದ ಎರಗಿ ಬರೋ ಹೊತ್ತು ಕಾದು, ಅವನನ್ನ ಮಾತ್ರ ಹೊಡೀಬೇಕು. ಹೊಡೆದ್ರೆ ನಿಮ್ಮ ವಿಮಾನ ಬಿಡುಗಡೆಯಾಗಿ ಕೆಳಗೆ ಬಂದು, ನಿಮ್ಮ ಪಕ್ಕಕ್ಕೇ ಅಂಟಿಕೊಂಡು ನಿಲ್ಲುತ್ತೆ. ಅಲ್ಲಿಂದ ಎರಡು ವಿಮಾನ, ಜೋಡಿ ಗುಂಡು.

ಎಷ್ಟು ಕಡೆ ಎಡವಬಹುದು ನೋಡಿ. ಗುರಿ ಸ್ವಲ್ಪ ಪಕ್ಕಕ್ಕೆ ಸರಿದ್ರೆ ನಿಮ್ಮ ವಿಮಾನವನ್ನ ನೀವೇ ಸುಟ್ಟಿರ್ತೀರಿ. ಅದಕ್ಕೂ ಪಾಯಿಂಟ್ ಕೊಡುತ್ತೆ ಆ ಆಟ, ಆ ಪಾಯಿಂಟು ಯಾರಿಗೆ ಬೇಕು! ಬಾಸ್ ಸಾಲಲ್ಲೇ ಕೂತಿರುವಾಗ ಅವಸರಪಟ್ಟು ಹೊಡೆದ್ರೆ ಸೆರೆಯಾಳು ಬಿಡುಗಡೆ ಆಗಲ್ಲ, ನಿಮ್ಮ ಮೇಲೇ ತಿರುಗಿ ಬೀಳ್ತಾನೆ. ಇರೋದೊಂದೇ ಲೈಫಲ್ಲಿ ಬೆಳಕಿಗೆ ಸಿಕ್ಕಿಕೊಂಡ್ರೆ ಆಟವೇ ಮುಗೀತು. ಎಲ್ಲ ಸರಿಹೋಗಿ ಜೋಡಿ ಆದ್ರೂ ಸುಖವಿಲ್ಲ, ಯಾಕಂದ್ರೆ ಈಗ ನೀವು ಎರಡರಷ್ಟು ಅಗಲ, ನಿಮ್ಮನ್ನ ಹೊಡೆಯೋದು ಅವರಿಗೆ ಎರಡರಷ್ಟು ಸುಲಭ.

ಇಷ್ಟಿದ್ರೂ ಆಟ ಗೊತ್ತಿದ್ದೋರು ಏನ್ ಮಾಡ್ತಾರೆ ಗೊತ್ತಾ? ಮೊದಲನೇ ಸ್ಟೇಜಲ್ಲೇ ಬೇಕಂತ ಹೋಗಿ ಆ ಬೆಳಕಿನ ಕೆಳಗೆ ನಿಲ್ತಾರೆ. ಕೈಲಿರೋದನ್ನ ತಾವಾಗಿ ಕೊಟ್ಟು, ಆಮೇಲೆ ಎರಡಾಗಿ ವಾಪಸ್ ತಗೊಳ್ಳೋ ಧೈರ್ಯ. ಗುಂಡು ಹೊಡೆಯೋ ಆಟಗಳು ಸಾವಿರ ಬಂದಿವೆ. ಶತ್ರು ಕೈಗೆ ತನ್ನನ್ನ ತಾನೇ ಒಪ್ಪಿಸ್ಕೊಳ್ಳೋದೇ ಜಾಣತನ ಅಂತ 1981ರಲ್ಲೇ ಹೇಳಿದ್ದು ಇದು. ಇದನ್ನ ಕಟ್ಟಿದೋರು ಜಪಾನಿನ ನಾಮ್ಕೋ ಕಂಪನಿಯ ಶಿಗೆರು ಯೊಕೊಯಾಮಾ. ಆ ಮನುಷ್ಯನಿಗೆ ನಾನು ಕೈ ಮುಗೀತೀನಿ.

ಈ ಜಾತಿ ಆಟಕ್ಕೆ ಮೂಲ ಇನ್ನೂ ಹಿಂದೆ ಇದೆ. 1978ರಲ್ಲಿ ತೈತೋ ಕಂಪನಿಯ ತೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್‌ವೇಡರ್ಸ್. ಐದು ಸಾಲು, ಸಾಲಿಗೆ ಹನ್ನೊಂದು, ಒಟ್ಟು 55 ಅನ್ಯಗ್ರಹದ ಜೀವಿಗಳು ಮೆಲ್ಲಗೆ ಹೆಜ್ಜೆ ಹಾಕ್ತಾ ಇಳಿದು ಬರ್ತವೆ. ಕೊಲ್ತಾ ಹೋದ ಹಾಗೆ ಉಳಿದವು ಜೋರಾಗಿ ಓಡ್ತವೆ. ಅದು ಹೇಗಾಯ್ತು ಅಂದ್ರೆ, ಆಗಿನ ಇಂಟೆಲ್ 8080 ಚಿಪ್‌ಗೆ ಅಷ್ಟೂ ಚಿತ್ರ ಬರೆಯೋದೇ ಭಾರ. ಸಂಖ್ಯೆ ಕಮ್ಮಿಯಾದ ಹಾಗೆ ಅದರ ಕೆಲಸ ಹಗುರಾಗಿ ತಾನಾಗೇ ವೇಗ ಬಂತು. ನಿಶಿಕಾಡೊ ಅದನ್ನ ಸರಿಮಾಡೋಕೆ ಹೋಗದೆ ಹಾಗೇ ಉಳಿಸಿಕೊಂಡ್ರು. ಯಂತ್ರದ ಬಡತನವೇ ಆಟದ ಉಸಿರಾಯ್ತು. 1980ರಲ್ಲಿ ಅಟಾರಿ ಕಂಪನಿ ಇದನ್ನ ಮನೆ ಟೀವಿಗೆ ತಂದಾಗ, ಬರೀ ಈ ಆಟಕ್ಕೋಸ್ಕರ ಅಮೆರಿಕದ ಜನ ಅಟಾರಿಯ ಟೀವಿ ಗೇಮ್ ಪೆಟ್ಟಿಗೆ ಕೊಂಡ್ರು. ನಾಮ್ಕೋದವರು 1979ರಲ್ಲಿ ಗ್ಯಾಲಕ್ಸಿಯನ್ ಅಂತ ಬಣ್ಣದ ಆಟ ತಂದ್ರು, ಸಾಲಲ್ಲಿದ್ದ ಹುಳ ಸಾಲು ಬಿಟ್ಟು ಮೇಲೆ ಎರಗೋಕೆ ಶುರುಮಾಡಿದ್ದು ಅಲ್ಲಿ. ಅದರ ತಮ್ಮನೇ ಗ್ಯಾಲಗಾ.

ಆ ನಾಮ್ಕೋ ಕಂಪನಿಯ ಹುಟ್ಟು ಕೇಳಿದ್ರೆ ನೀವು ನಂಬಲ್ಲ. 1955ರಲ್ಲಿ ಮಸಾಯಾ ನಕಾಮುರಾ ಅನ್ನೋರು ಎರಡು ಯಂತ್ರದ ಕುದುರೆ ತಗೊಂಡು, ಯೊಕೊಹಾಮಾದ ಒಂದು ದೊಡ್ಡ ಅಂಗಡಿಯ ತಾರಸಿ ಮೇಲೆ ಇಟ್ಟು, ಮಕ್ಕಳನ್ನ ಕೂರಿಸಿ ಆಡಿಸ್ತಿದ್ರು. ಅದೇ ಬಂಡವಾಳ. ನಮ್ಮ ಹೇಮಗಿರಿ ದನಗಳ ಜಾತ್ರೇಲಿ, ಚುಂಚನಗಿರಿ ಜಾತ್ರೇಲಿ ಮರದ ಕುದುರೆ ತಿರುಗಿಸೋರು ಬರ್ತಾರಲ್ಲ, ಆ ಕಸುಬಿನ ಮನುಷ್ಯ. ಮೇಲುಕೋಟೆ ವೈರಮುಡಿಗೆ ಹೋದಾಗ ನಾನು ಯಾವತ್ತೂ ಒಂದು ಕಡೆ ನಿಲ್ತೀನಿ, ಬಲೂನ್ ಹೊಡೆಯೋ ಅಂಗಡಿ ಮುಂದೆ. ಹಲಗೆ ಮೇಲೆ ಸಾಲು ಸಾಲು ಬಲೂನು, ಕೈಲಿ ಗಾಳಿ ಬಂದೂಕು. ಸಾಲಲ್ಲಿ ನಿಂತಿದ್ದನ್ನ ದೂರದಿಂದ ಹೊಡೆದು ಖಾಲಿ ಮಾಡೋ ಆಸೆ ಯೊಕೊಹಾಮಾದಲ್ಲೂ ಒಂದೇ, ಮೇಲುಕೋಟೇಲೂ ಒಂದೇ. ನಾಣ್ಯ ಹಾಕಿ ಆಡೋ ದೊಡ್ಡ ಮಷೀನನ್ನ ನಾನು ಕಣ್ಣಾರೆ ಕಂಡಿದ್ದು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ. ಎತ್ತರ ಸಾಲದೆ ನಮ್ಮಪ್ಪ ಎತ್ತಿ ಹಿಡ್ಕೊಂಡಿದ್ರು.

ಆದ್ರೆ ನಮ್ಮ ಕಡೆಯ ಹುಡುಗರು ಈ ಆಟ ಕಲಿತಿದ್ದು ಮಷೀನಿಂದ ಅಲ್ಲ ಕಣಕ್ಕ, ಟೀವಿ ಗೇಮಿಂದ. ತೊಂಬತ್ತರ ದಶಕದ ಮಾತು. ಸಮುರಾಯ್, ಲಿಟ್ಲ್ ಮಾಸ್ಟರ್, ಮೀಡಿಯಾ ಅಂತೆಲ್ಲ ಹೆಸರಿನ ಪೆಟ್ಟಿಗೆಗಳು. ಒಳಗಿದ್ದದ್ದು ಎಲ್ಲ ಒಂದೇ ತಲೆ, 1983ರಲ್ಲಿ ನಿಂಟೆಂಡೊ ಜಪಾನಲ್ಲಿ ಬಿಟ್ಟ ಫ್ಯಾಮಿಕಾಮ್‌ನದು. ನಾಗಮಂಗಲದಲ್ಲಿ ನಮ್ಮ ಸೋದರಮಾವನ ಮನೆ. ಬೇಸಿಗೆ ರಜಕ್ಕೆ ಹೋದಾಗ ಮಾವನ ಮಗ ವಿಡಿಯೋ ಕ್ಯಾಸೆಟ್ ಬಾಡಿಗೆ ಕೊಡೋ ಅಂಗಡಿಯಿಂದ ಟೀವಿ ಗೇಮನ್ನೂ ದಿನದ ಬಾಡಿಗೆಗೆ ತರ್ತಿದ್ದ. ಪೆಟ್ಟಿಗೆ, ಎರಡು ರಿಮೋಟು, ಒಂದು ಬಂದೂಕು, ಒಂದು ಕ್ಯಾಸೆಟ್ಟು. ಟೀವಿ ಹಿಂದಿನ ಆಂಟೆನಾ ವೈರ್ ಕಿತ್ತು ಇದರ ವೈರ್ ಸಿಕ್ಕಿಸಬೇಕು. ಆಮೇಲೆ ಚಾನೆಲ್ ತಿರುಪು ತಿರುಗಿಸ್ತಾ ತಿರುಗಿಸ್ತಾ, ಸೊರ್ ಅನ್ನೋ ಚುಕ್ಕಿಗಳ ನಡುವೆ ಚಿತ್ರ ಹುಡುಕಬೇಕು. ಸಿಕ್ಕ ಕ್ಷಣ ಮನೆಯೆಲ್ಲ ಕೂಗು. ಭಾನುವಾರ ಸಂಜೆ ಮಾತ್ರ ನಮ್ಮ ಆಟ ನಡೀತಿರಲಿಲ್ಲ. ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರೋದು, ಬೀದಿಯ ಹೆಂಗಸರೆಲ್ಲ ಚಾಪೆ ಹಿಡಿದು ಬರೋರು, ಮಾವ ತಾವೇ ಎದ್ದು ಆಂಟೆನಾ ವೈರ್ ವಾಪಸ್ ಹಾಕೋರು.

ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿರ್ತಿತ್ತು. ಪಟ್ಟಿಯಲ್ಲಿ ಇಳೀತಾ ಹೋದ್ರೆ ನಿಜವಾಗಿ ಇರ್ತಿದ್ದದ್ದು ಕೆಲವು ಆಟ ಮಾತ್ರ. ಅವನ್ನೇ ಬೇರೆ ಸ್ಟೇಜಿಂದ, ಬೇರೆ ವೇಗದಲ್ಲಿ, ಬೇರೆ ಹೆಸರಲ್ಲಿ ಮತ್ತೆ ಮತ್ತೆ ತುಂಬಿರ್ತಿದ್ರು. ಎಲ್ಲರಿಗೂ ಮಾರಿಯೋ ಬೇಕು, ಕಾಂಟ್ರಾ ಬೇಕು, ಬಂದೂಕು ಹಿಡಿದು ಬಾತುಕೋಳಿ ಹೊಡೀಬೇಕು. ಗ್ಯಾಲಕ್ಸಿಯನ್ ಹೆಚ್ಚುಕಮ್ಮಿ ಎಲ್ಲ ಕ್ಯಾಸೆಟ್ಟಲ್ಲೂ ಇರೋದು. ಬಹಳ ಚಿಕ್ಕ ಆಟ ಅದು, ಎಲ್ಲಿ ಬೇಕಾದ್ರೂ ಹಿಡಿಸ್ತಿತ್ತು. ಅದರಲ್ಲಿ ಒಂದು ಸಲಕ್ಕೆ ಒಂದೇ ಗುಂಡು. ಸೆರೆ ಇಲ್ಲ, ಬಿಡುಗಡೆ ಇಲ್ಲ. ಗ್ಯಾಲಗಾ ಇರೋ ಕ್ಯಾಸೆಟ್ ಸಿಗೋದು ಅಪರೂಪ. ಅದಕ್ಕೇ ಎಷ್ಟೋ ಜನ ನಮ್ಮ ವಯಸ್ಸಿನೋರು, ಆ ಹುಳದ ಆಟ ಆಡಿದೀನಿ ಅಂತಾರೆ, ಜೋಡಿ ವಿಮಾನ ಅಂದ್ರೆ ಮಾತ್ರ ಹುಬ್ಬೇರಿಸ್ತಾರೆ. ಅವರಿಗೆ ಅಣ್ಣ ಗೊತ್ತು, ತಮ್ಮ ಗೊತ್ತಿಲ್ಲ. ನಾಗಮಂಗಲದ ಆ ಅಂಗಡೀಲಿ ಗ್ಯಾಲಗಾ ಇದ್ದ ಒಂದು ಹಳದಿ ಕ್ಯಾಸೆಟ್ ಇತ್ತು. ಅದು ಬೇರೆಯೋರ ಮನೆಗೆ ಹೋಗಿದ್ರೆ, ಯಾರ ಮನೆ ಅಂತ ಕೇಳ್ಕೊಂಡು ಅಲ್ಲಿಗೇ ಹೋಗಿ ಬಾಗಿಲಲ್ಲಿ ನಿಂತು ನೋಡ್ತಿದ್ವಿ.

ಕ್ಯಾಸೆಟ್ ಓಡದೇ ಹೋದ್ರೆ ಎಲ್ಲರದೂ ಒಂದೇ ಮದ್ದು, ತೆಗೆದು ಬಾಯಲ್ಲಿ ಉಫ್ ಅಂತ ಊದೋದು. ಓಡ್ತಿತ್ತು ಕೂಡ. ಆದ್ರೆ ಓಡ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಸಿಕ್ಕಿಸಿದಾಗ ಹಲ್ಲುಗಳು ಸರಿಯಾಗಿ ಕೂರ್ತಿದ್ದಕ್ಕೆ. ಬಾಯಿನ ತೇವ ಆ ತಾಮ್ರದ ಹಲ್ಲಿಗೆ ತಗುಲಿ ನಿಧಾನವಾಗಿ ಕಿಲುಬು ಹಿಡಿಸ್ತಿತ್ತು. ಇದನ್ನ ನನಗೆ ಹೇಳಿದ್ದು ಕೆ.ಆರ್.ಪೇಟೆಯಲ್ಲಿ ರೇಡಿಯೋ ಟೀವಿ ರಿಪೇರಿ ಮಾಡ್ತಿದ್ದ ಒಬ್ಬ ಯಜಮಾನರು. ಹತ್ತಿಗೆ ಸ್ಪಿರಿಟ್ ಅದ್ದಿ ಹಲ್ಲುಗಳನ್ನ ಒಂದೇ ದಿಕ್ಕಿಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕು ಅಂದ್ರು. ನಾಗಮಂಗಲ ಕಂಚು ಹಿತ್ತಾಳೆ ಕೆಲಸದ ಊರಲ್ವಾ, ನಮ್ಮತ್ತೆ ಅಲ್ಲಿ ಹಿತ್ತಾಳೆ ಬಿಂದಿಗೆಯನ್ನ ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕೋರು. ಆ ಹುಣಸೆಹಣ್ಣು ಮಾತ್ರ ಕ್ಯಾಸೆಟ್ ಹತ್ರ ತರಬಾರದು. ಮೇಲಿನ ತೆಳು ಲೇಪ ಎದ್ದು ಹೋದ್ರೆ ಆಮೇಲೆ ಯಾವ ಸ್ಪಿರಿಟ್ಟೂ ಉಳಿಸಲ್ಲ.

ಈಗ ನಾನು ಮೆಚ್ಚೋ ಸಂಗತಿಗೆ ಬರ್ತೀನಿ. ನಾಣ್ಯ ಹಾಕಿ ಆಡೋ ದೊಡ್ಡ ಮಷೀನ್ ಒಳಗೆ ಗ್ಯಾಲಗಾ ನಡೆಸೋಕೆ ಮೂರು ಚಿಪ್ ಇದ್ವು, ಮೂರೂ ಝಡ್-80. ಮನೆ ಪೆಟ್ಟಿಗೇಲಿ ಇದ್ದದ್ದು ಒಂದೇ ಚಿಪ್, ಕೆಲಸಕ್ಕೆ ಸಿಗ್ತಿದ್ದ ಮೆಮೊರಿ 2 ಕೆಬಿ. ನಿಮ್ಮ ಮೊಮ್ಮಗ ವಾಟ್ಸಾಪಲ್ಲಿ ಕಳಿಸೋ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಓಡಾಡೋ ಚಿತ್ರ ತೋರಿಸೋಕೆ ಆ ಪೆಟ್ಟಿಗೆಗೆ ಆಗ್ತಿರಲಿಲ್ಲ. ಹೆಚ್ಚಾದವು ಮಾಯ ಆಗ್ತಿದ್ವು. ಅದನ್ನ ಮುಚ್ಚೋಕೆ ಪ್ರೋಗ್ರಾಂ ಬರೆಯೋರು ಒಂದು ಸಲ ಇವನ್ನ, ಇನ್ನೊಂದು ಸಲ ಅವನ್ನ ತೋರಿಸೋರು. ಹಳೇ ಟೀವಿ ಗೇಮಲ್ಲಿ ಗದ್ದಲ ಹೆಚ್ಚಾದಾಗ ಚಿತ್ರ ಮಿಣಮಿಣ ಅಂತಿದ್ದದ್ದು ಅದಕ್ಕೇ. ಇನ್ನೊಂದು ಕಷ್ಟ ಆಕಾರದ್ದು. ಮಷೀನಲ್ಲಿ ಟೀವಿಯನ್ನ ಪಕ್ಕಕ್ಕೆ ಮಲಗಿಸಿ ಉದ್ದಕ್ಕೆ ಇಟ್ಟಿರ್ತಿದ್ರು; ಹುಳ ಮೇಲಿಂದ ಬಹಳ ದೂರ ಇಳಿದು ಬರಬೇಕಲ್ಲ. ಮನೆ ಟೀವಿ ಅಡ್ಡಕ್ಕೆ ಅಗಲ. 1985ರಲ್ಲಿ ನಾಮ್ಕೋದವರೇ ಫ್ಯಾಮಿಕಾಮ್‌ಗೆ ಗ್ಯಾಲಗಾ ಮಾಡಿದಾಗ, ಬಲಗಡೆ ಒಂದು ಪಟ್ಟಿ ಬಿಟ್ಟು ಅಲ್ಲಿ ಸ್ಕೋರು ಬರೆದು, ಉಳಿದ ಜಾಗದಲ್ಲಿ ಆಟವನ್ನ ಕುಗ್ಗಿಸಿ ಕೂರಿಸಿದ್ರು.

ಕುಗ್ಗಿತು, ಮಿಣುಗಿತು, ಮೂರು ಚಿಪ್ಪಿನ ಕೆಲಸ ಒಂದರ ಮೇಲೆ ಬಿತ್ತು. ಸೆರೆ ಹೋಗೋದು ಮಾತ್ರ ಹಾಗೇ ಉಳೀತು. ಅವನ ಬೆಳಕಿನ ಕೆಳಗೆ ಹೋಗಿ ನಿಲ್ಲಲೋ ಬೇಡವೋ ಅಂತ ಎದೆ ಹೊಡೆದುಕೊಳ್ಳೋದು ನಾಗಮಂಗಲದ 14 ಇಂಚಿನ ಕಪ್ಪುಬಿಳುಪು ಟೀವಿಯಲ್ಲೂ ಟೋಕಿಯೋದಲ್ಲಿ ಆದಷ್ಟೇ ಆಗ್ತಿತ್ತು. ಕಪ್ಪುಬಿಳುಪಲ್ಲಿ ಸೆರೆಯಾಳು ಕೆಂಪಾಗ್ತಾನೆ ಅಂತ ನಮಗೆ ಗೊತ್ತೇ ಇರಲಿಲ್ಲ, ಬೂದು ಬಣ್ಣದ ವಿಮಾನ ಇನ್ನಷ್ಟು ಬೂದಾಗ್ತಿತ್ತು, ಅಷ್ಟೇ. ಆದ್ರೂ ಯಾವುದು ನಮ್ಮದು ಅಂತ ಒಂದು ಕ್ಷಣಕ್ಕೂ ಮರೀತಿರಲಿಲ್ಲ. ಒಂದು ಆಟ ಎಷ್ಟು ಗಟ್ಟಿ ಅಂತ ತಿಳೀಬೇಕಾದ್ರೆ ಅದನ್ನ ಬಡವರ ಪೆಟ್ಟಿಗೆಗೆ ಹಾಕಿ ನೋಡಬೇಕು ಅಂತ ನಾನು ಹೇಳೋದು ಇದಕ್ಕೇ. ಬಣ್ಣ, ಸದ್ದು, ವೇಗ ಎಲ್ಲ ಕಿತ್ತ ಮೇಲೂ ಉಳಿಯೋದು ಯಾವುದೋ ಅದೇ ಆಟ. ಎಷ್ಟೋ ಚಂದದ ಆಟಗಳು ಈ ಪರೀಕ್ಷೆಯಲ್ಲಿ ಬಿದ್ದೋಗಿವೆ.

ಮೂರನೇ ಸ್ಟೇಜಿಗೆ ಒಂದು ಪಂದ್ಯದ ಸ್ಟೇಜ್ ಬರುತ್ತೆ, ಆಮೇಲೆ ನಾಲ್ಕು ನಾಲ್ಕಕ್ಕೊಂದು. ಅಲ್ಲಿ ಯಾರೂ ನಿಮಗೆ ಹೊಡೆಯಲ್ಲ, 40 ಹುಳ ಸುಮ್ಮನೆ ಸುಳಿದು ಹೋಗ್ತವೆ, ಅಷ್ಟೂ ಹೊಡೆದ್ರೆ 10,000 ಪಾಯಿಂಟ್. ಜೋಡಿ ವಿಮಾನದ ಬೆಲೆ ಗೊತ್ತಾಗೋದು ಅಲ್ಲಿ. ಆಟ ಮುಗಿದ ಮೇಲೆ ನೀವು ಎಷ್ಟು ಗುಂಡು ಹಾರಿಸಿದ್ರಿ, ಎಷ್ಟು ತಗುಲಿತು, ನೂರಕ್ಕೆ ಎಷ್ಟು ಅಂತ ಲೆಕ್ಕ ತೋರಿಸುತ್ತೆ. ನಿಮ್ಮ ಮೊಮ್ಮಗನಿಗೆ ಸ್ಕೋರು ಬಿಟ್ಟು ಆ ಲೆಕ್ಕ ನೋಡೋಕೆ ಹೇಳಿ. ಸುಮ್ಮನೆ ಬಟನ್ ಕುಟ್ಟೋರಿಗೂ ನೋಡಿ ಹೊಡೆಯೋರಿಗೂ ವ್ಯತ್ಯಾಸ ಅಲ್ಲಿ ಕಾಣುತ್ತೆ.

ಮಷೀನಿನ ಗ್ಯಾಲಗಾದಲ್ಲಿ ಒಂದು ತೂತೂ ಇತ್ತು. ಮೊದಲನೇ ಸ್ಟೇಜಲ್ಲಿ ಎಡಗಡೆ ಅಂಚಿನ ಎರಡು ಜೇನುಹುಳ ಬಿಟ್ಟು ಉಳಿದೋರನ್ನೆಲ್ಲ ಹೊಡೆದು, ಆ ಎರಡರಿಂದ ಕಾಲು ಗಂಟೆ ತಪ್ಪಿಸ್ಕೊಂಡು ಓಡಾಡ್ತಿದ್ರೆ, ಅವು ಗುಂಡು ಹಾಕೋದನ್ನೇ ನಿಲ್ಲಿಸ್ತವೆ. ಆಮೇಲೆ ಅವನ್ನ ಹೊಡೆದು ಮುಂದೆ ಹೋದ್ರೆ ಆ ಆಟದಲ್ಲಿ ಇನ್ಯಾವ ಶತ್ರುವೂ ಗುಂಡು ಹಾಕಲ್ಲ. ಪ್ರೋಗ್ರಾಂನಲ್ಲಿ ಉಳಿದ ಒಂದು ತಪ್ಪು. ಇದನ್ನ ನಿಮ್ಮ ಹುಡುಗನಿಗೆ ಈಗಲೇ ಹೇಳಬೇಡಿ. ಗುಂಡು ಬೀಳದ ಗ್ಯಾಲಗಾ ಆಡಿದೋನಿಗೆ ಗ್ಯಾಲಗಾ ಆಡಿದ ಸುಖ ಸಿಗಲ್ಲ.

ಹೀಗೆ ಸಾಲಾಗಿ ಎರಗಿ ಬರೋದನ್ನ ನಾನು ಒಂದು ಗೋಡೆ ಮೇಲೂ ಕಂಡಿದೀನಿ. ಶ್ರೀರಂಗಪಟ್ಟಣಕ್ಕೆ ಹೋದಾಗೆಲ್ಲ ಟಿಪ್ಪುವಿನ ದರಿಯಾ ದೌಲತ್ ಅರಮನೆ ಒಳಗೆ ಹೋಗ್ತೀನಿ. 1784ರಲ್ಲಿ ಕಟ್ಟಿದ್ದು. ಪಶ್ಚಿಮದ ಗೋಡೆ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆಯಲ್ಲ, 1780ರ ಸೆಪ್ಟೆಂಬರ್ 10ರದು, ಅದರ ಮುಂದೆ ನಿಂತಾಗ ನನಗೆ ಈ ಆಟದ ನೆನಪಾಗದೇ ಇರಲ್ಲ. ನಡುವೆ ಚೌಕಟ್ಟಾಗಿ ನಿಂತ ಕೆಂಪು ಅಂಗಿಯ ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳು, ಒಳಗೆ ಪಲ್ಲಕ್ಕಿಯಲ್ಲಿ ಅವರ ದಂಡಿನ ಮುಖ್ಯಸ್ಥ ಬೇಯ್ಲಿ. ಸುತ್ತ ಸಾಲಿನ ಮೇಲೆ ಸಾಲು ಹೈದರ್ ಟಿಪ್ಪು ಕುದುರೆಗಳು ನುಗ್ಗಿ ಬರ್ತಿವೆ. ಮದ್ದಿನ ಬಂಡಿ ಸಿಡಿದಿದ್ದನ್ನೂ ಬರೆದಿದಾರೆ. ಅದು ಸಿಡಿದಿದ್ದು ಮೈಸೂರಿನ ರಾಕೆಟ್ಟಿಂದ ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ. ಆ ರಾಕೆಟ್ಟಿನ ಗುಟ್ಟು ಇರೋದು ಕಬ್ಬಿಣದಲ್ಲಿ. ಬೇರೆಯೋರು ಮದ್ದನ್ನ ಕಾಗದದ ಕೊಳವೆಗೆ ತುಂಬ್ತಿದ್ರು, ಇಲ್ಲಿಯೋರು ಕಬ್ಬಿಣದ ಕೊಳವೆಗೆ ತುಂಬಿ ಬಿದಿರಿಗೆ ಕಟ್ಟಿದ್ರು. ಕಬ್ಬಿಣ ಒಳಗಿನ ಒತ್ತಡ ತಡ್ಕೊಳ್ತು, ಅದಕ್ಕೇ ಇವು ದೂರ ಹೋದ್ವು.   

ನಿಜವಾದ ರಣದಲ್ಲಿ ಸೆರೆ ಹೋದೋರಿಗೆ ಬಿಡುಗಡೆ ಅಷ್ಟು ಸಲೀಸಾಗಿ ಬರಲಿಲ್ಲ. ಬೇಯ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನ ಸ್ಮಾರಕ ಟಿಪ್ಪುವಿನ ಸಮಾಧಿ ಇರೋ ಗುಂಬಜ್ ಹತ್ರ ಇದೆ. ಗೋಡೆ ಮೇಲಿನ ಚಿತ್ರ ನೋಡಿ, ಅಲ್ಲಿಂದ ಗುಂಬಜ್‌ಗೆ ನಡೆದು, ಆ ಸ್ಮಾರಕದ ಮುಂದೆ ನಿಂತ ದಿನ ನನಗೆ ಈ ಆಟದ ಮೇಲೆ ಪ್ರೀತಿ ಇನ್ನೂ ಹೆಚ್ಚಾಯ್ತು. ಸೆರೆ ಹೋದೋನನ್ನ ಬಿಡಿಸಿ ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋ ಅವಕಾಶ ಮಕ್ಕಳ ಆಟದಲ್ಲಾದ್ರೂ ಇದೆಯಲ್ಲ, ಅದು ಎಷ್ಟು ದೊಡ್ಡ ಮನಸ್ಸು!

ಹಳೇದನ್ನ ಉಳಿಸೋದು ಅಂದಾಗ ಇನ್ನೊಂದು ಹೇಳಲೇಬೇಕು. ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನ 2017ರಲ್ಲಿ ಒಡೀಲಿಲ್ಲ. ಇಡೀ ಇಟ್ಟಿಗೆ ಕಟ್ಟಡವನ್ನ ಬುಡಸಮೇತ ಎತ್ತಿ ನೂರು ಮೀಟರಿಗೂ ದೂರ ಸರಿಸಿದ್ರು. ಅಷ್ಟು ಭಾರದ್ದನ್ನ ಉಳಿಸೋಕೆ ಆಗುತ್ತೆ ಅಂದ್ರೆ ಅಂಗೈಯಗಲದ ಒಂದು ಕ್ಯಾಸೆಟ್ ಉಳಿಸೋಕೆ ಆಗಲ್ವಾ? ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಮೇಮ್ ಅನ್ನೋ ಪ್ರೋಗ್ರಾಂ ಶುರುಮಾಡಿದ್ದು ಇಂಥ ಕೆಲಸಕ್ಕೇ. ಹಳೇ ಮಷೀನ್ ಹೇಗೆ ಯೋಚನೆ ಮಾಡ್ತಿತ್ತೋ ಹಾಗೇ ಕಂಪ್ಯೂಟರ್ ಕೈಲಿ ಮಾಡಿಸೋದು. ನಿಮ್ಮ ಮೊಮ್ಮಗನ ಕಡ್ಡಿಯೊಳಗೆ ನಡೀತಿರೋದೂ ಅದೇ ಬಗೆಯ ಉಪಾಯ.

ಆ ಕಡ್ಡಿ ಬಗ್ಗೆ ನನಗೆ ಒಂದೇ ತಕರಾರು. ಆಗಲೇ ಕಿಟಕಿಯಿಂದ ನೋಡ್ದೆ, ಹುಡುಗ ಸರಿಯಾದ ಹೊತ್ತಿಗೇ ಒತ್ತುತ್ತಿದ್ದ, ವಿಮಾನ ಮಾತ್ರ ಒಂದು ಚೂರು ತಡವಾಗಿ ಸರೀತಿತ್ತು. ಅವನ ತಪ್ಪಲ್ಲ ಅದು. ಹಳೇ ಡಬ್ಬಾ ಟೀವಿ ಸಿಗ್ನಲ್ ಬಂದ ಹಾಗೇ ಗೆರೆ ಗೆರೆಯಾಗಿ ಚಿತ್ರ ಬರೀತಿತ್ತು. ಈಗಿನ ಚಪ್ಪಟೆ ಟೀವಿ ಬಂದ ಚಿತ್ರವನ್ನ ಒಂದು ಕ್ಷಣ ಇಟ್ಕೊಂಡು, ಚಂದ ಮಾಡಿ, ಆಮೇಲೆ ತೋರಿಸುತ್ತೆ. ಸಿನಿಮಾ ನೋಡೋರಿಗೆ ಅದು ಗೊತ್ತೇ ಆಗಲ್ಲ, ಗ್ಯಾಲಗಾದಲ್ಲಿ ಅಷ್ಟರಲ್ಲಿ ಒಂದು ಲೈಫ್ ಹೋಗಿರುತ್ತೆ. ಟೀವಿ ಸೆಟ್ಟಿಂಗಿಗೆ ಹೋಗಿ ಗೇಮ್ ಮೋಡ್ ಹಾಕೋಕೆ ಹೇಳಿ, ಅರ್ಧ ಕಷ್ಟ ಕಳೆಯುತ್ತೆ. ಉಳಿದರ್ಧಕ್ಕೆ ನನ್ನ ಹತ್ರ ಮದ್ದಿದೆ. ನಿಮ್ಮ ಅಟ್ಟದ ಮೇಲೆ ಭಾವ ಇದ್ದಾಗಿನ ಡಬ್ಬಾ ಟೀವಿ ಇನ್ನೂ ಇದೆ ಅಲ್ವಾ? ಅದನ್ನ ಗುಜರಿಗೆ ಹಾಕಬೇಡಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ಬಾತುಕೋಳಿ ಹೊಡೆಯೋ ಬಂದೂಕೂ ಆ ಟೀವಿಯಲ್ಲಿ ಮಾತ್ರ ನಡೆಯೋದು, ಚಪ್ಪಟೆ ಟೀವಿ ಮುಂದೆ ಅದು ಕುರುಡು.

"ಟೀವಿ ಅದೆ, ಹಳೇ ಟೀವಿ ಗೇಮೂ ಅಲ್ಲೇ ಮೂಟೇಲಿ ಅದೆ, ಕರೆಂಟಿಂದು ಅದೇನೋ ಸುಟ್ಟೋಗದೆ" ಅಂದ್ರಾ? ಗೇಮೂ ಇದೆಯಾ! ಇಷ್ಟು ಹೊತ್ತು ಹೇಳಲೇ ಇಲ್ಲವಲ್ಲ ಅಕ್ಕಾ! ಸುಟ್ಟಿರೋದು ಅಡಾಪ್ಟರ್ ಇರಬೇಕು. ನಮ್ಮ ಕಡೆ ವೋಲ್ಟೇಜ್ ಏರಿಳಿತಕ್ಕೆ ಮೊದಲು ಹೋಗೋದು ಅದೇ. ಪೆಟ್ಟಿಗೆಯ ತಳದಲ್ಲಿ ಎಷ್ಟು ವೋಲ್ಟು, ಪ್ಲಸ್ ಒಳಗೋ ಹೊರಗೋ ಅಂತ ಚಿತ್ರ ಬರೆದಿರುತ್ತೆ, ಅದನ್ನ ಮೊಮ್ಮಗನ ಕೈಲಿ ಫೋಟೋ ತೆಗೆಸಿ ನನಗೆ ಕಳಿಸಿ. ಉಲ್ಟಾ ಹಾಕಿದ್ರೆ ಪೆಟ್ಟಿಗೇನೂ ಹೋಗುತ್ತೆ, ಹಾಗಾಗಿ ಅದನ್ನ ನೋಡದೆ ಯಾವ ಅಡಾಪ್ಟರನ್ನೂ ಸಿಕ್ಕಿಸೋಕೆ ಬಿಡಬೇಡಿ. ಶುಕ್ರವಾರ ನಾನು ಕೆ.ಆರ್.ಪೇಟೆಗೆ ಹೋಗೋದಿದೆ, ಅಲ್ಲಿ ಹುಡುಕಿ ತರ್ತೀನಿ. ಮೂಟೇಲಿ ಕ್ಯಾಸೆಟ್ಟು ಎಷ್ಟಿದೆ ನೋಡಿ, ಹಳದಿದು ಇದ್ರೆ ಮೊದಲು ಅದನ್ನ ತೆಗೆದಿಡಿ. ಮತ್ತೆ ಯಾರೂ ಬಾಯಲ್ಲಿ ಊದೋದು ಬೇಡ, ಸ್ಪಿರಿಟ್ಟೂ ಹತ್ತೀನೂ ನಾನೇ ತರ್ತೀನಿ.